ಮಸಿ ಬಳಿದ ಮುಖ

ಶಿವಾಜಿನಗರ, ಹಲಸೂರು, ಕೆ.ಆರ್. ಪುರದ ಕಡೆಯಿಂದ ಬಂದಿರೋ ಹಾಸ್ಟೆಲ್ ಗೆಳೆಯರೇ,

ನಾವಿವತ್ತು ಬರ್ಟ್ ವಿಲಿಯಮ್ಸ್ ಕತೆ ಹೇಳ್ತೀವಿ. 1874ರಲ್ಲಿ ಬಹಾಮಾಸ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಕಪ್ಪು ಕಲಾವಿದ. ಮೈಬಣ್ಣ ತಿಳಿಯಾಗೇ ಇತ್ತು. ಆದರೂ ಸುಟ್ಟ ಬಿರಡೆಯ ಮಸಿ ಬಳಿದುಕೊಂಡು ರಂಗಕ್ಕೆ ಬರಬೇಕಿತ್ತು. ಬಿಳಿಯರಿಗೆ ಬೇಕಿದ್ದದ್ದು ಕಪ್ಪು ಮನುಷ್ಯನಲ್ಲ, ತಾವೇ ಕಟ್ಟಿದ ಗೊಂಬೆ. ಆ ಮಸಿಯೊಳಗಿಂದಲೇ 1903ರಲ್ಲಿ ಜಾರ್ಜ್ ವಾಕರ್ ಜೊತೆ 'ಇನ್ ದಹೋಮಿ' ನಾಟಕವನ್ನು ಬ್ರಾಡ್‌ವೇಗೆ ಏರಿಸಿದ. ಬರೆದವರು, ಹಾಡಿದವರು ಎಲ್ಲ ಕಪ್ಪು ಜನರೇ. 1905ರ 'ನೋಬಡಿ' ಹಾಡಿಗೆ ರಾಗ ಹಾಕಿದವನೂ ಅವನೇ. 1910ರಲ್ಲಿ ಜೀಗ್‌ಫೆಲ್ಡ್ ಕಂಪನಿ ಸೇರಿದಾಗ ಬಿಳಿ ನಟರು ಬಿಟ್ಟುಹೋಗ್ತೀವಿ ಅಂದರು, ಮಾಲೀಕ ಬಗ್ಗಲಿಲ್ಲ. ಹೋಟೆಲಲ್ಲಿ ಮಾತ್ರ ಅವನಿಗೆ ಸಾಮಾನು ಸಾಗಿಸೋ ಲಿಫ್ಟೇ ಗತಿ. ನಮ್ಮಲ್ಲೂ ಹೆಣಕ್ಕೆ ತಮಟೆ ಬೇಕು, ಬಡಿದವನು ಜಗಲಿಗೆ ಬೇಡ.

1922ರಲ್ಲಿ ಡೆಟ್ರಾಯಿಟ್‌ನಲ್ಲಿ ಆಡ್ತಾ ಆಡ್ತಾ ಕುಸಿದ. ಜನ ಅದನ್ನೂ ತಮಾಷೆ ಅಂತ ನಕ್ಕರು. ಕೆಲವೇ ದಿನಕ್ಕೆ ತೀರಿಕೊಂಡ, 47ನೇ ವಯಸ್ಸಿಗೆ.