ಅನ್ನ ಬಿಟ್ಟ ಅಣ್ಣ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತಿನ ಪಠ್ಯ)

ಊಟ ಆಯ್ತಾ?

ನಮ್ಮವರು ಎಲ್ಲಿ ಸಿಕ್ಕರೂ ಮೊದಲು ಕೇಳುವ ಪ್ರಶ್ನೆ ಇದು. ಆದರೆ ಈಗೀಗ ಉತ್ತರ ಬದಲಾಗಿದೆ. ‘ಊಟ ಆಯ್ತು, ಆದ್ರೆ ಅನ್ನ ಮುಟ್ಟಲಿಲ್ಲ’ ಅಂತಾರೆ, ಸ್ವಲ್ಪ ಹೆಮ್ಮೆಯಿಂದಲೇ.

ನನ್ನ ಅಣ್ಣನೂ ಹಾಗೆ ಹೇಳುತ್ತಿದ್ದ. ಅವನಿರುವುದು ಘೋಟಿಯಲ್ಲಿ. ಮುಂಬೈಯಿಂದ ನಾಸಿಕ್‌ಗೆ ಹೋಗುವಾಗ ಕಸಾರಾ ಘಾಟಿ ಹತ್ತಿ, ಇಗತ್ಪುರಿ ದಾಟಿದರೆ ಸಿಗುವ ಊರು. ಅಲ್ಲಿ ಮಳೆ ಧಾರಾಳ, ಹಾಗಾಗಿ ಭತ್ತವೂ ಧಾರಾಳ. ಸಾಲು ಸಾಲು ಅಕ್ಕಿ ಗಿರಣಿಗಳು. ಅಂಥ ಊರಲ್ಲಿ ಹೋಟೆಲು ನಡೆಸುವ ಉಡುಪಿ ಕಡೆಯವನು ಅನ್ನ ಬಿಡುವುದೆಂದರೆ ಸಣ್ಣ ಮಾತೇ? ತೂಕ 92 ಕಿಲೋ, ಜೊತೆಗೆ ಐದು ವರ್ಷದ ಸಕ್ಕರೆ ಕಾಯಿಲೆ. ‘ಬಿಟ್ಟು ನೋಡು, ಇಳಿಯುತ್ತೆ’ ಅಂತ ಫೋನಿನಲ್ಲಿ ಹುರಿದುಂಬಿಸಿದ್ದು ನಾನೇ.

ಮೂರು ವಾರಕ್ಕೆ ನಾಲ್ಕು ಕಿಲೋ ಇಳಿಯಿತು! ನಾಲ್ಕನೇ ವಾರ ಒಂದು ಬೆಳಿಗ್ಗೆ ಗಲ್ಲಾದಲ್ಲಿ ಕೂತವನು ಬೆವರಿ, ನಡುಗಿ, ಏನೇನೋ ಮಾತಾಡತೊಡಗಿದ. ಪುಣ್ಯಕ್ಕೆ ಇನ್ನೂ ಎಚ್ಚರವಿತ್ತು. ಅಡುಗೆಯ ಹುಡುಗ ಸಕ್ಕರೆ ನೀರು ಕುಡಿಸಿದ. ಆಮೇಲೆ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: ‘ಅನ್ನ ಬಿಟ್ಟಿರಿ, ಸರಿ. ಮಾತ್ರೆಯ ಪ್ರಮಾಣ ಯಾಕೆ ಕೇಳಲಿಲ್ಲ?’ ಅಣ್ಣ ಸುಮ್ಮನಿದ್ದ. ಫೋನಿನ ಈ ಕಡೆ ನಾನೂ ಸುಮ್ಮನಿದ್ದೆ.

ಅದಕ್ಕೇ ಇವತ್ತು ಈ ಮಾತು.

ಪಿಷ್ಟ, ಸಕ್ಕರೆ ಕಡಿಮೆ ಮಾಡಿ ಸಣ್ಣಗಾಗುವುದು ಹೊಸ ಸಂಗತಿಯಲ್ಲ. ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತ ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ ಬಿಟ್ಟು ಇಳಿದ ಕಥೆಯನ್ನು 1863ರಲ್ಲೇ ಪುಸ್ತಕವಾಗಿ ಅಚ್ಚು ಹಾಕಿಸಿದ್ದ. 1972ರಲ್ಲಿ ಅಮೆರಿಕದ ಡಾ. ಅಟ್ಕಿನ್ಸ್ ಅದಕ್ಕೆ ಮತ್ತೆ ಜೀವ ಕೊಟ್ಟರು. ಮಹಾರಾಷ್ಟ್ರದಲ್ಲಂತೂ ದಿನಕ್ಕೆ ಎರಡೇ ಊಟ ಎನ್ನುವ ಡಾ. ಜಗನ್ನಾಥ ದೀಕ್ಷಿತರದ್ದೊಂದು ಪಕ್ಷ, ಆಗಾಗ ಸ್ವಲ್ಪ ಸ್ವಲ್ಪ ತಿನ್ನಿ ಎನ್ನುವ ರುಜುತಾ ದಿವೇಕರ್ ಅವರದ್ದೊಂದು ಪಕ್ಷ. ಒಂದೇ ಮನೆಯಲ್ಲಿ ಎರಡೂ ಇರುವುದುಂಟು!

ಮೊದಲ ವಾರಗಳಲ್ಲಿ ತೂಕ ಸರ್ರನೆ ಇಳಿಯುವುದೇಕೆ? ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಪಿಷ್ಟದ ದಾಸ್ತಾನಿದೆ. ಅದರ ಒಂದೊಂದು ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ದಾಸ್ತಾನು ಖಾಲಿಯಾದಾಗ ಆ ನೀರೂ ಹೋಗುತ್ತದೆ. ಆದ್ದರಿಂದ ಮೊದಲು ಇಳಿದದ್ದರಲ್ಲಿ ನೀರಿನ ಪಾಲು ದೊಡ್ಡದು. ಮುಂದೆ ಕೊಬ್ಬು ಕರಗುವುದು ನಿಧಾನ. 2018ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ 609 ಜನರಿದ್ದರು. ವರ್ಷದ ಕೊನೆಗೆ ಪಿಷ್ಟ ಇಳಿಸಿದವರು ಸರಾಸರಿ 6 ಕಿಲೋ ಕಳೆದುಕೊಂಡಿದ್ದರೆ, ಕೊಬ್ಬು ಇಳಿಸಿದವರು 5.3 ಕಿಲೋ. ಅಂಥ ದೊಡ್ಡ ವ್ಯತ್ಯಾಸವೇನೂ ಇಲ್ಲ. ಬಿಡದೆ ಪಾಲಿಸಬಲ್ಲ ಊಟವೇ ಒಳ್ಳೆಯ ಊಟ.

ಹಾಗಾದರೆ ಅನ್ನ ನಿರ್ದೋಷಿಯೇ? ಅದೂ ಅಲ್ಲ. ಐಸಿಎಂಆರ್ ನೇತೃತ್ವದ ದೇಶವ್ಯಾಪಿ ಅಧ್ಯಯನದ ವರದಿ 2025ರಲ್ಲಿ ಬಂತು. ನಮ್ಮವರ ಕ್ಯಾಲರಿಯಲ್ಲಿ ಸುಮಾರು ಶೇ. 62 ಪಿಷ್ಟದಿಂದಲೇ ಬರುತ್ತದೆ ಎನ್ನುತ್ತದೆ ಅದು. ಇನ್ನೊಂದು ಮಾತು ಗಮನಿಸಿ: ಬಿಳಿ ಅಕ್ಕಿಯ ಬದಲು ಗೋಧಿ, ಸಿರಿಧಾನ್ಯದ ಹಿಟ್ಟು ಅಷ್ಟೇ ಪ್ರಮಾಣದಲ್ಲಿ ತಿಂದರೆ ಸಕ್ಕರೆ ಕಾಯಿಲೆಯ ಅಪಾಯ ಕಡಿಮೆಯಾಗುವುದು ಕಂಡುಬರಲಿಲ್ಲ. ಪಿಷ್ಟದ ಒಂದು ಪಾಲಿನ ಜಾಗಕ್ಕೆ ಬೇಳೆಕಾಳು, ಹಾಲು, ಮೊಸರಿನ ಪ್ರೋಟೀನು ಬಂದಲ್ಲಿ ಕಡಿಮೆ ಕಂಡಿತು. ಅಂದರೆ, ಅನ್ನ ಬಿಟ್ಟು ನಾಲ್ಕು ಮುದ್ದೆ ನುಂಗಿದರೆ ಏನು ಲಾಭ?

ಈಗ ಮುಖ್ಯ ಮಾತು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಅನ್ನ ಇಳಿಸಿ, ಔಷಧಿ ಮೊದಲಿನಷ್ಟೇ ತೆಗೆದುಕೊಂಡರೆ ರಕ್ತದ ಸಕ್ಕರೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಪಿಷ್ಟ ಪೂರ್ತಿ ಬಿಟ್ಟರೆ ರಕ್ತದಲ್ಲಿ ಆಮ್ಲ ಏರುವ ಬೇರೊಂದು ಅಪಾಯವಿದೆ. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಮೊದಲು ಡಾಕ್ಟರು, ಆಮೇಲೆ ಡಯಟ್ಟು. ಬೆವರು, ನಡುಕ, ಗೊಂದಲ ಕಂಡರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಸಕ್ಕರೆ ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಓಡಿ.

ಅಣ್ಣ ಈಗ ಹೇಗಿದ್ದಾನೆ ಅಂತೀರಾ? ಡಾಕ್ಟರು ಮಾತ್ರೆ ಇಳಿಸಿದ್ದಾರೆ. ಮಧ್ಯಾಹ್ನ ಒಂದು ಬಟ್ಟಲು ಅನ್ನ, ಎರಡು ಬಟ್ಟಲು ಪಲ್ಯ, ಮಟಕಿ ಉಸಳ, ಮೊಸರು. ರಾತ್ರಿ ಊಟವಾದ ಮೇಲೆ ಪೇಟೆ ಬೀದಿಯಲ್ಲಿ ಅರ್ಧ ಗಂಟೆ ನಡಿಗೆ. ತೂಕ ತಿಂಗಳಿಗೆ ಒಂದು ಕಿಲೋ ಇಳಿಯುತ್ತಿದೆ. ಅವನಿಗೆ ಅವಸರವಿಲ್ಲ, ನನಗಂತೂ ಇಲ್ಲವೇ ಇಲ್ಲ.

ಈಗ ನಾನು ಅವನಿಗೆ ಫೋನು ಮಾಡಿದಾಗ ಎರಡು ಪ್ರಶ್ನೆ ಕೇಳುತ್ತೇನೆ. ನಿಮ್ಮನ್ನೂ ಕೇಳುತ್ತೇನೆ, ಕೇಳುಗರೇ: ಊಟ ಆಯ್ತಾ? ಡಾಕ್ಟರನ್ನು ಕೇಳಿದ್ದೀರಾ?