ಭಾವಚಿತ್ರಕ್ಕೆ ಲೋಹದ ಬೆನ್ನು

ನಿವೃತ್ತ ಕನ್ನಡ ಅಧ್ಯಾಪಕನೊಬ್ಬ ಛಾಯಾಚಿತ್ರದ ಬೆನ್ನಿಗೆ ಅಂಟಿಸುವ ತಗಡಿನ ವಿಚಾರ ಮಾತನಾಡುವುದೇ ಎಂದು ಶ್ರೋತೃಗಳಿಗೆ ಅನ್ನಿಸಬಹುದು. ಪೆಟ್ಟು ತಿಂದವನಿಗೆ ಆ ಅಧಿಕಾರ ಸ್ವಲ್ಪ ಬರುತ್ತದೆಂದು ನನ್ನ ನಂಬಿಕೆ.

ನನ್ನ ಗುರುಗಳ ಭಾವಚಿತ್ರವೊಂದು ನನ್ನಲ್ಲಿತ್ತು. ಇದ್ದದ್ದು ಒಂದೇ ಪ್ರತಿ. ನೆಗೆಟಿವ್ ಎಂದೋ ಕಳೆದುಹೋಗಿತ್ತು. ಮಳೆಗಾಲದಲ್ಲಿ ಮಲೆನಾಡಿನ ನಮ್ಮ ಮನೆಯ ಗೋಡೆಗಳು ಬೆವರುತ್ತವೆ. ಮೈದಾ ಗಂಜಿಯಿಂದ ರಟ್ಟಿಗೆ ಅಂಟಿಸಿದ್ದ ಆ ಚಿತ್ರ ಪ್ರತಿ ಆಷಾಢದಲ್ಲಿಯೂ ಬಿಲ್ಲಿನಂತೆ ಬಾಗುತ್ತಿತ್ತು. ಚಿತ್ರ ಮೂಡಿರುವುದು ಕಾಗದದಲ್ಲಲ್ಲ, ಅದಕ್ಕೆ ಲೇಪಿಸಿದ ಜೆಲಾಟಿನ್ ಪದರದಲ್ಲಿ. ತೇವ ಹೀರಿದಾಗ ಜೆಲಾಟಿನ್ ಒಂದು ಬಗೆಯಲ್ಲಿ ಹಿಗ್ಗುತ್ತದೆ, ಕಾಗದ ಇನ್ನೊಂದು ಬಗೆಯಲ್ಲಿ, ರಟ್ಟು ಮತ್ತೊಂದು ಬಗೆಯಲ್ಲಿ. ಮೂವರು ದಾಯಾದಿಗಳು ಒಂದೇ ಸೂರಿನಡಿ ಇದ್ದಂತೆ! ಮೇಲಾಗಿ ಜೆಲಾಟಿನ್ ಮೂಳೆ, ಚರ್ಮಗಳಿಂದ ತೆಗೆದ ವಸ್ತು, ಗಂಜಿಯಂತೂ ಆಹಾರವೇ. ಬೂಷ್ಟಿಗೂ ಹುಳುವಿಗೂ ಹಬ್ಬ.

ಅಲ್ಯೂಮಿನಿಯಂ ತೇವ ಹೀರದು. ಶಾಖಕ್ಕೆ ಹಿಗ್ಗುವುದೂ ಅಲ್ಪವೇ: ಒಂದು ಮೀಟರ್ ಉದ್ದದ ಹಲಗೆ 20 ಡಿಗ್ರಿ ಸೆಲ್ಸಿಯಸ್ ಏರಿದರೆ ಅರ್ಧ ಮಿಲಿಮೀಟರಿನಷ್ಟೂ ಬೆಳೆಯದು. ಈಗ ಬಳಕೆಯಲ್ಲಿರುವುದು ಹೆಚ್ಚಾಗಿ ಬರಿಯ ತಗಡಲ್ಲ. ನಡುವೆ ಪಾಲಿಥಿಲೀನಿನ ತಿರುಳು, ಇಕ್ಕೆಲಗಳಲ್ಲಿ ಅಲ್ಯೂಮಿನಿಯಮ್ಮಿನ ತೆಳುಹಾಳೆ, ಒಟ್ಟು ದಪ್ಪ ಸಾಮಾನ್ಯವಾಗಿ 3 ಮಿಲಿಮೀಟರ್. ಹಗುರ, ಆದರೂ ಬಾಗದು. ಲೋಹದೊಡನೆ ಛಾಯಾಚಿತ್ರದ ನಂಟು ಹಳೆಯದು. 1839ರಲ್ಲಿ ಪ್ಯಾರಿಸ್ಸಿನಲ್ಲಿ ಲೋಕಕ್ಕೆ ಪ್ರಕಟವಾದ ದಾಗೆರನ ವಿಧಾನದಲ್ಲಿ ಚಿತ್ರ ಮೂಡುತ್ತಿದ್ದುದೇ ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ.

ಅಂಟಿಸುವ ಕ್ರಮ ಕೇಳಲು ಸರಳ. ಹಲಗೆಯನ್ನು ಜಿಡ್ಡುಳಿಯದಂತೆ ಒರೆಸಿ, ಇಬ್ಬದಿಯ ಅಂಟುಹಾಳೆಯ ಒಂದಂಚನ್ನು ಮೊದಲು ಬಿಡಿಸಿ ಚಿತ್ರವನ್ನು ಅಲ್ಲಿ ಕೂರಿಸಿ, ಉರುಳೆಗಳ ನಡುವೆ ಮೆಲ್ಲನೆ ಸಾಗಿಸುತ್ತಾರೆ. ಧೂಳಿನ ಕಣವೊಂದು ಸಿಕ್ಕಿದರೂ ನುಣುಪಾದ ಚಿತ್ರದಲ್ಲಿ ಮೊಡವೆಯಂತೆ ಏಳುತ್ತದೆ.

ನನ್ನ ಗುರುಗಳ ಎಡಗೆನ್ನೆಯಲ್ಲಿ ಎದ್ದದ್ದು ಧೂಳಲ್ಲ, ಗುಳ್ಳೆ. ರಟ್ಟಿನಿಂದ ಬಿಡಿಸಲೆಂದು ನೀರಿನಲ್ಲಿ ನೆನೆಸಿದ್ದ ಪ್ರತಿ ಪೂರ್ತಿ ಒಣಗಿರಲಿಲ್ಲವೆಂದು ನನ್ನ ಊಹೆ. ಅಂಟಿಸಿದವರ ಹೆಸರು ಬೇಡ. ಇದ್ದೊಂದು ಪ್ರತಿಯನ್ನು ಅವರ ಕೈಗಿತ್ತವನು ನಾನು. ಬಿಡಿಸಿಕೊಡಿ ಎಂದು ಅಂಗಲಾಚಿದೆ. ನಾನು ಹಳಿದ ಆ ಬಡ ಗಂಜಿ ನೀರು ಸೋಕಿದೊಡನೆ ಹಿಡಿತ ಸಡಿಲಿಸಿತ್ತು. ಈ ಹೊಸ ಅಂಟು ಹಾಗಲ್ಲ, ಎಳೆದರೆ ಕಾಗದವೇ ಸೀಳುತ್ತದೆ. ಅಪೂರ್ವವಾದ ಮೂಲಪ್ರತಿಗಳನ್ನು ಹೀಗೆ ಅಂಟಿಸಲು ಸಂರಕ್ಷಕರು ಒಪ್ಪದಿರುವುದು ಇದಕ್ಕೇ. ಅವರು ಆಮ್ಲರಹಿತ ರಟ್ಟಿನ ಮೇಲೆ ಚಿತ್ರದ ಮೂಲೆಗಳನ್ನು ಮಾತ್ರ ಕಾಗದದ ಪುಟ್ಟ ಜೇಬುಗಳಲ್ಲಿ ಸಿಕ್ಕಿಸಿಡುತ್ತಾರೆ, ಬೇಕೆಂದಾಗ ತೆಗೆಯಬಹುದು.

ನಿಮ್ಮ ಮನೆಯಲ್ಲಿ ಅಂಥದೊಂದು ಚಿತ್ರವಿದ್ದರೆ ಮೊದಲು ಒಳ್ಳೆಯ ನಕಲು ಮಾಡಿಸಿ, ನಕಲನ್ನು ಲೋಹಕ್ಕೆ ಕೊಡಿ. ಅದನ್ನೂ ಬಿಸಿಲು ಬೀಳುವ ಗೋಡೆಗೆ ತೂಗಬೇಡಿ. ಬೆನ್ನಿನ ಲೋಹ ಮುಖದ ಬಣ್ಣವನ್ನು ಕಾಯಲಾರದು.

ಗುರುಗಳ ಭಾವಚಿತ್ರ ಈಗಲೂ ನನ್ನ ಮೇಜಿನೆದುರಿಗಿದೆ. ಈ ಆಷಾಢದಲ್ಲಿ ಅದು ಕಿಂಚಿತ್ತೂ ಬಾಗಲಿಲ್ಲ. ಸಂಜೆ ದೀಪ ಹಚ್ಚಿದಾಗ ಗುಳ್ಳೆ ಎದ್ದು ಕಾಣುತ್ತದೆ. ಅವರನ್ನು ಕಾಣದ ನನ್ನ ಮೊಮ್ಮಗಳು ಅದನ್ನು ಮಚ್ಚೆಯೆಂದೇ ತಿಳಿದಿದ್ದಾಳೆ.