ಕೊನೇ ಕಂತು ಕೊಡೋ ಮುಂಚೆ ನೀರು ನಿಲ್ಲಿಸಿ

ಮನೆ ರಿಪೇರಿಗೆ ಎಷ್ಟು ಖರ್ಚಾಗುತ್ತೆ, ಯಾವ ಟೈಲ್ಸ್ ಒಳ್ಳೇದು ಅಂತೆಲ್ಲ ಹುಡುಕಿದ್ರೆ ನೂರು ವಿಡಿಯೋ ಸಿಗುತ್ತೆ. ನಾನು ಅದಕ್ಕೆ ಹೋಗಲ್ಲ. ಮೇಸ್ತ್ರಿ ಕರಣೆ, ಬಾಂಡ್ಲಿ ತೊಳೆದಿಟ್ಟು "ಎಲ್ಲಾ ಆಯ್ತು ಸಾರ್, ಲೆಕ್ಕ ಮುಗಿಸ್ಬಿಡಿ" ಅಂತಾರಲ್ಲ, ಆಗ ಏನು ಮಾಡ್ಬೇಕು ಅನ್ನೋದಷ್ಟೇ ಇವತ್ತಿನ ಮಾತು.

ಈ ವಿಡಿಯೋ ಮಾಡೋ ಹಾಗೆ ಕೆಣಕಿದ್ದು ಕಲಾಸಿಪಾಳ್ಯದ ಒಂದು ಅಂಗಡಿ. ನಾನು ನಲ್ಲಿಗೆ ವಾಷರ್ ತಗೊಳ್ಳೋಕೆ ನಿಂತಿದ್ದೆ. ಪಕ್ಕದಲ್ಲಿ ಗಂಡ ಹೆಂಡತಿ ಬಾತ್‌ರೂಮ್ ಸಾಮಾನು ನೋಡ್ತಿದ್ರು. ಕೌಂಟರ್‌ನಲ್ಲಿದ್ದವರು ಹೇಳ್ತಾರೆ: "ಎಪಾಕ್ಸಿ ಗ್ರೌಟ್ ಹಾಕ್ಸಿಬಿಡಿ ಮೇಡಂ, ನೀರು ನಿಲ್ಲಿಸಿ ಟೆಸ್ಟ್ ಗಿಸ್ಟ್ ಏನೂ ಬೇಡ. ಒಂದ್ ತೊಟ್ಟೂ ಇಳಿಯಲ್ಲ."

ಇಳಿಯುತ್ತೆ ಸ್ವಾಮಿ! ಎಪಾಕ್ಸಿ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಅದು ನೀರು ಹೀರಲ್ಲ, ಕರೆ ಕಟ್ಟಲ್ಲ, ದುಡ್ಡಿಗೆ ಮೋಸ ಇಲ್ಲ. ಆದ್ರೆ ಅದು ಮುಚ್ಚೋದು ಟೈಲ್ಸ್ ಸಂದು ಮಾತ್ರ. ಬಾತ್‌ರೂಮ್‌ನಲ್ಲಿ ನೀರು ದಾರಿ ಹುಡುಕೋದು ಹೆಚ್ಚಾಗಿ ಬೇರೆ ಕಡೆ: ನಹಾನಿ ಟ್ರ್ಯಾಪ್ ಸುತ್ತ, ಕಮೋಡ್ ಪೈಪು ನೆಲಕ್ಕೆ ಇಳಿಯೋ ಜಾಗ, ನೆಲ ಗೋಡೆ ಸೇರೋ ಮೂಲೆ. ನೀರು ತಡೆಯೋದು ಟೈಲ್ಸ್ ಕೆಳಗಿನ ವಾಟರ್‌ಪ್ರೂಫಿಂಗ್ ಪದರ. ಅದು ಗೋಡೆ ಮೇಲೂ ಒಂದಡಿ ಹತ್ತಿರಬೇಕು. ಟೈಲ್ಸ್ ಅದರ ಮೇಲಿನ ಅಲಂಕಾರ, ಅಷ್ಟೇ.

ಪರೀಕ್ಷೆ ಮಾಡೋದು ಹೀಗೆ. ನಹಾನಿ ಟ್ರ್ಯಾಪ್ ಬಾಯಿಗೆ ಬಟ್ಟೆ ತುರುಕಿ ಭದ್ರವಾಗಿ ಮುಚ್ಚಿ. ಒಂದಿಂಚು ನೀರು ನಿಲ್ಲಿಸಿ. ಐದಡಿ ಏಳಡಿ ಬಾತ್‌ರೂಮ್ ಆದ್ರೆ ಸುಮಾರು 80 ಲೀಟರ್ ಸಾಕು. ಗೋಡೆ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೀರಿ. ಪಕ್ಕದಲ್ಲೇ ಒಂದು ಅಗಲ ಬೇಸಿನ್‌ನಲ್ಲಿ ನೀರಿಟ್ಟು ಅದಕ್ಕೂ ಗೆರೆ ಹಾಕಿ. 48 ಗಂಟೆ ಬಿಟ್ಟು ಎರಡೂ ನೋಡಿ. ಎರಡೂ ಒಂದೇ ಸಮ ಇಳಿದಿದ್ರೆ ಗಾಳಿಗೆ ಆರಿದ್ದು. ನೆಲದ್ದು ಜಾಸ್ತಿ ಇಳಿದಿದ್ರೆ ಎಲ್ಲೋ ಸೋರ್ತಿದೆ. ಆಗ ಮೇಸ್ತ್ರಿಗೆ ಫೋನ್.

"ಕೆಳಗಡೆ ಸೀಲಿಂಗ್ ಒಣಗಿದೆಯಲ್ಲ ಸಾರ್" ಅಂತಾರೆ. ಒಪ್ಪಬೇಡಿ. ಬಾತ್‌ರೂಮ್ ಸ್ಲ್ಯಾಬ್ ತಗ್ಗಿಸಿ, ಅದಕ್ಕೆ ಇಟ್ಟಿಗೆ ಚೂರು ತುಂಬಿರ್ತಾರೆ. ಮೊದಲು ಆ ಚೂರೇ ನೀರು ಕುಡಿಯುತ್ತೆ. ಕೆಳಗಿನವರ ಸೀಲಿಂಗ್ ಮೇಲೆ ಕಲೆ ಕಾಣೋ ಹೊತ್ತಿಗೆ ತಿಂಗಳುಗಳು ಕಳೆದಿರ್ತವೆ, ಮೇಸ್ತ್ರಿ ನಂಬರ್ ಸ್ವಿಚ್ ಆಫ್. ಅದಕ್ಕೇ ನಂಬಬೇಕಾದ್ದು ಪೆನ್ಸಿಲ್ ಗೆರೆ. ಟೈಲ್ಸ್ ಹಾಕೋ ಮುಂಚೆ ಒಂದ್ಸಲ, ಹಾಕಿದ ಮೇಲೆ ಇನ್ನೊಂದ್ಸಲ ಈ ಪರೀಕ್ಷೆ ಆಗ್ಲೇಬೇಕು.

ಒಂದು ವಿಷಯ ಸ್ಪಷ್ಟ ಮಾಡ್ಬಿಡ್ತೀನಿ. ಚಾಮರಾಜಪೇಟೆ, ಬಸವನಗುಡಿ ಕಡೆ ಹಳೇ ಮನೆಗಳಲ್ಲಿ ಇನ್ನೂ ಮದ್ರಾಸ್ ತಾರಸಿ ಇರುತ್ತೆ, ಮರದ ತೊಲೆ ಮೇಲೆ ಇಟ್ಟಿಗೆ, ಸುಣ್ಣದ ಗಾರೆ. ಅದರ ಮೇಲೆ ಹೀಗೆ ನೀರು ನಿಲ್ಲಿಸೋಕೆ ಹೋಗಬೇಡಿ. ಹತ್ತಡಿ ಹತ್ತಡಿ ಜಾಗಕ್ಕೆ ಒಂದಿಂಚು ನೀರಂದ್ರೆ ಸುಮಾರು 235 ಕಿಲೋ ಭಾರ, ಜೊತೆಗೆ ತೊಲೆಗೆ ತೇವ. ಅಲ್ಲಿ ಬಕೆಟ್‌ನಲ್ಲಿ ನೀರು ಸುರಿದು ಇಳಿಜಾರು ಸರಿ ಇದೆಯಾ, ಎಲ್ಲೂ ಮಡುಗಟ್ಟಲ್ವಾ ಅಂತ ನೋಡಿದ್ರೆ ಸಾಕು.

ಉಳಿದದ್ದು ಬೇಗ ಬೇಗ. ಟೈಲ್ಸ್ ಮೇಲೆ ನಾಣ್ಯದಲ್ಲಿ ತಟ್ಟಿ, ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದ ಗುರುತು ಹಾಕಿ. ವೈರಿಂಗ್ ಹೊಸದಾದ್ರೆ, ಕರೆಂಟ್ ಸೋರಿದ್ರೆ ಕಟ್ ಮಾಡೋ ಆರ್‌ಸಿಸಿಬಿ ಮೇಲಿರೋ ಟಿ ಗುಂಡಿ ಒತ್ತಿ, ತಕ್ಷಣ ಟ್ರಿಪ್ ಆಗ್ಬೇಕು. ಅದರ ಜೊತೆ ಪ್ರತಿ ಪಾಯಿಂಟ್‌ಗೂ ಅರ್ಥಿಂಗ್ ಬಂದಿದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲೇ ಟೆಸ್ಟ್ ಮಾಡಿಸಿ. ಮಳೆನೀರಿನ ಪೈಪು ಒಳಚರಂಡಿಗೆ ಸೇರಿಸಿದ್ರೆ ಬಿಡಿಸಿ. ಸಿಮೆಂಟ್ ಕಲೆ ತೆಗೀತೀನಿ ಅಂತ ಆಸಿಡ್ ಬಾಟಲಿ ತಂದ್ರೆ ರೆಡ್ ಆಕ್ಸೈಡ್ ನೆಲ, ಮೊಸಾಯಿಕ್ ಹತ್ರ ಬಿಡ್ಲೇಬೇಡಿ, ಹೊಳಪು ಹೋದ್ರೆ ಮತ್ತೆ ಪಾಲಿಷ್ ಖರ್ಚು. ಉಳಿದ ಟೈಲ್ಸ್ ಎಲ್ಲಾ ವಾಪಸ್ ಕೊಡಬೇಡಿ. ಒಂದು ಬಾಕ್ಸ್ ಅಟ್ಟದ ಮೇಲಿಡಿ, ಅದೇ ಬ್ಯಾಚು, ಅದೇ ಶೇಡು ಆಮೇಲೆ ಸಿಗೋದು ಕಷ್ಟ.

ಡೆಬ್ರಿಸ್ ವಿಷಯದಲ್ಲಿ ನನಗೆ ಸಿಟ್ಟಿದೆ. ಚೀಲಕ್ಕಿಷ್ಟು ಅಂತ ದುಡ್ಡು ತಗೊಂಡು ರಾತ್ರಿ ರಾಜಕಾಲುವೆಗೆ ಸುರಿಯೋದು, ನಾವು ಕಣ್ಣು ಮುಚ್ಚೋದು. ಕಟ್ಟಡ ತ್ಯಾಜ್ಯಕ್ಕೆ ಕೇಂದ್ರದ ನಿಯಮ 2016ರಲ್ಲೇ ಬಂತು. ರಸ್ತೆಗೆ, ಚರಂಡಿಗೆ ಹೋಗದ ಹಾಗೆ ನೋಡ್ಕೊಳ್ಳೋ ಹೊಣೆ ಮನೆಯವರದ್ದೂ ಹೌದು. ಗಾಡಿಯವರು ಎಲ್ಲಿ ಸುರಿದ್ರು ಅಂತ ಫೋಟೋ ಕೇಳಿ, ಆಮೇಲೆ ಬಾಡಿಗೆ ಕೊಡಿ.

ಕೊನೇದು ದುಡ್ಡು. ಕೂಲಿಯವರ ಬಟವಾಡೆ ಶನಿವಾರಕ್ಕೆ ಶನಿವಾರ ಚುಕ್ತಾ ಆಗ್ಬೇಕು, ಅದನ್ನ ತಡೆಯೋದು ತಪ್ಪು. ತಡೆಯೋದಾದ್ರೆ ಕಂಟ್ರಾಕ್ಟರ್ ಕೊನೇ ಕಂತು, ಅದೂ ಶುರುವಲ್ಲೇ ಮಾತಾಡಿ ಬರೆದುಕೊಂಡಿದ್ರೆ. ಬಾಕಿ ಕೆಲಸದ ಪಟ್ಟಿ ಒಂದು ಹಾಳೇಲಿ ಬರೆದು, ಒಂದೊಂದೇ ಟಿಕ್ ಹಾಕ್ತಾ ಬನ್ನಿ. ಎಲ್ಲಾ ಟಿಕ್ ಆದ ದಿನವೇ ಪೂರ್ತಿ ಲೆಕ್ಕ ಚುಕ್ತಾ ಮಾಡಿ, ಚೌಕಾಸಿ ಬೇಡ. ಹಾಗೆ ಕೊಟ್ಟವರ ಮನೆಗೆ ಮೇಸ್ತ್ರಿ ಮತ್ತೆ ಕರೆದಾಗ ಬರ್ತಾರೆ.